ಸೂಡಿಯಿಂದ ಎಲ್‌ಇಡಿವರೆಗೆ: ಹುಂಚದ ಕಡೆಯ ಕೈಬೆಳಕಿನ ಕಥೆ

ಪೇಟೆಯವರು ಟಾರ್ಚ್ ಅನ್ನುವುದಕ್ಕೆ ನಮ್ಮ ಕಡೆ ಹೇಳುವುದು ಬ್ಯಾಟರಿ ಅಂತ. ಅದರೊಳಗೆ ಹಾಕುವುದು ಸೆಲ್ಲು. ಹುಂಚ, ರಿಪ್ಪನ್‌ಪೇಟೆ, ಕೋಣಂದೂರು, ಹೊಸನಗರ ಸುತ್ತಿನ ಮನೆಗಳು ಬಯಲುಸೀಮೆಯ ಹಾಗೆ ಒತ್ತೊತ್ತಾಗಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಗದ್ದೆ, ತೋಟ, ಹಳ್ಳ, ಕಾನು ದಾಟಬೇಕು. ಇಲ್ಲಿ ಕತ್ತಿ, ಕಂಬಳಿಯಷ್ಟೇ ಕೈಬೆಳಕೂ ಬೇಕು. ಆದರೆ ಈ ಕೈಬೆಳಕಿನ ಚರಿತ್ರೆಯನ್ನು ಹೇಳುವವರು ಕಡಿಮೆ. ಅದನ್ನು ಸ್ವಲ್ಪ ಕೂಡಿಸಿ ಹೇಳೋಣ ಎಂದು ನಾವು ಹೊರಟಿದ್ದೇವೆ.

ದೀಪಕ್ಕೆ ಭೂಮಿ ಬಿಟ್ಟ ಕಾಲ

ಹುಂಚ ಎಂದರೆ ಹಿಂದಿನ ಪೊಂಬುರ್ಚ, ಸಾಂತರ ಅರಸರ ರಾಜಧಾನಿ. ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿ 1077ರದ್ದು. ಕರ್ನಾಟಕದ ಹಳೆಯ ಶಾಸನಗಳನ್ನು ಓದಿದವರಿಗೆ ಒಂದು ಮಾತು ಪದೇ ಪದೇ ಸಿಗುತ್ತದೆ: ನಂದಾದೀವಿಗೆ. ದೇವರ ಮುಂದೆ ಒಂದು ದೀಪ ಆರದೆ ಉರಿಯಲಿ ಎಂದು ಭೂಮಿ ಬಿಡುತ್ತಿದ್ದರು, ಗಾಣದ ಎಣ್ಣೆ ಬಿಡುತ್ತಿದ್ದರು, ಅದನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಒಂದೇ ಒಂದು ದೀಪಕ್ಕೆ ಇಷ್ಟು ಏರ್ಪಾಟು ಬೇಕಿತ್ತು ಎಂದರೆ ಬೆಳಕು ಎಷ್ಟು ದುಬಾರಿಯಾಗಿತ್ತು ನೋಡಿ. ಗುಡಿಯಲ್ಲೇ ಹೀಗಿದ್ದ ಮೇಲೆ ದಾರಿಯಲ್ಲಿ ನಡೆಯುವವರಿಗೆ ಎಣ್ಣೆ ಎಲ್ಲಿಂದ ಬರಬೇಕು?

ದಾರಿಯವರ ಬೆಳಕು ಸೂಡಿ. ಒಣಗಿದ ತೆಂಗಿನ ಗರಿಯನ್ನೋ ಬಿದಿರಿನ ಸಿಗುಳನ್ನೋ ಬಿಗಿಯಾಗಿ ಕಟ್ಟಿ ಬೆಂಕಿ ಹಚ್ಚುವುದು. ಬೀಸಿದರೆ ಉರಿ ಏಳುತ್ತದೆ, ಸುಮ್ಮನೆ ಹಿಡಿದರೆ ಕೆಂಡವಾಗಿ ಕೂರುತ್ತದೆ. ಖರ್ಚಿಲ್ಲ. ಕಾಡುಪ್ರಾಣಿಯೂ ದೂರ ಇರುತ್ತದೆ. ಆದರೆ ಆಷಾಢದ ಮಳೆಯಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ಹುಲ್ಲಿನ, ಸೋಗೆಯ ಮಾಡಿನ ಮನೆಗಳ ಕಾಲದಲ್ಲಿ ಅದನ್ನು ಅಂಗಳದಲ್ಲೇ ಆರಿಸಿ ಒಳಗೆ ಬರಬೇಕಿತ್ತು.

ಆಮೇಲೆ ಸೀಮೆಎಣ್ಣೆ ಬಂತು. ಅದರ ಜೊತೆ ಚಿಮಣಿ ಬುಡ್ಡಿ ಬಂತು, ಗಾಜಿನ ಲಾಟೀನು ಬಂತು. ಮದುವೆಗೂ ಯಕ್ಷಗಾನಕ್ಕೂ ಗ್ಯಾಸ್‌ಲೈಟು ಬಂತು. ಲಾಟೀನಿನ ಗುಣ ಎಂದರೆ ಗಾಳಿಗೆ ಆರುವುದಿಲ್ಲ. ದೋಷವೆಂದರೆ ಬೆಳಕು ನಾಲ್ಕೂ ಕಡೆ ಹರಡುತ್ತದೆ, ಮುಂದೆ ನಾಲ್ಕು ಹೆಜ್ಜೆಗಿಂತ ಆಚೆ ಏನಿದೆ ಎಂದು ಕಾಣುವುದಿಲ್ಲ.

ಹಿತ್ತಾಳೆ ಬ್ಯಾಟರಿ ಬಂದದ್ದು

ಸುರಿದು ಹೋಗದ ಒಣ ಸೆಲ್ಲನ್ನು ಜರ್ಮನಿಯ ಕಾರ್ಲ್ ಗಾಸ್ನರ್ 1880ರ ದಶಕದಲ್ಲಿ ಮಾಡಿದ. ಆ ಸೆಲ್ಲುಗಳನ್ನು ಕೊಳವೆಯಲ್ಲಿ ಸಾಲಾಗಿ ಕೂರಿಸಿ, ತುದಿಗೆ ಬಲ್ಬು, ಅದರ ಹಿಂದೆ ಹೊಳೆಯುವ ಬಟ್ಟಲು ಇಟ್ಟ ಕೈದೀಪಕ್ಕೆ ಅಮೆರಿಕದಲ್ಲಿ ಡೇವಿಡ್ ಮೈಸೆಲ್ 1899ರಲ್ಲಿ ಪೇಟೆಂಟ್ ಪಡೆದ. ಆಗಿನ ಸೆಲ್ಲು ದುರ್ಬಲ, ಒಂದೇ ಸಮನೆ ಉರಿಸಲು ಆಗುತ್ತಿರಲಿಲ್ಲ. ಮಿಂಚಿಸಿ ಆರಿಸಬೇಕಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಫ್ಲ್ಯಾಶ್‌ಲೈಟ್ ಎಂಬ ಹೆಸರು ಬಂದದ್ದು ಹಾಗೆ.

ಭಾರತಕ್ಕೆ ಎವರೆಡಿ ಸೆಲ್ಲು 1905ರಲ್ಲಿ ಆಮದಾಗಿ ಬಂತು. 1958ರಲ್ಲಿ ಲಕ್ನೋದಲ್ಲಿ ಟಾರ್ಚಿನ ಕಾರ್ಖಾನೆಯೇ ಆಯಿತು. ಆಗ ಎವರೆಡಿ ಇದ್ದದ್ದು ಯೂನಿಯನ್ ಕಾರ್ಬೈಡ್ ಕೈಯಲ್ಲಿ. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿ ಸಾವಿರಾರು ಜನ ಸತ್ತದ್ದು ಅದೇ ಕಂಪನಿಯ ಕೀಟನಾಶಕ ಕಾರ್ಖಾನೆಯಿಂದ. 1990ರ ದಶಕದಲ್ಲಿ ಸೆಲ್ಲಿನ ವ್ಯವಹಾರ ಬೇರೆಯವರ ಕೈಗೆ ಹೋಯಿತು.

ಹಿತ್ತಾಳೆ ಬ್ಯಾಟರಿ ಮನೆಯ ಯಜಮಾನನ ತಲೆದಿಂಬಿನ ಪಕ್ಕದ ವಸ್ತುವಾಗಿತ್ತು. ಎರಡು ಸೆಲ್ಲಿನದು ಮನೆಗೆ, ಮೂರು ಸೆಲ್ಲಿನದು ತೋಟಕ್ಕೆ, ಐದು ಸೆಲ್ಲಿನದು ಇದ್ದವರ ಗತ್ತೇ ಬೇರೆ. ಸೆಲ್ಲು ಇಳಿದರೆ ಬಿಸಿಲಿಗೆ ಇಡುತ್ತಿದ್ದರು. ಬಿಸಿಯಾದರೆ ಒಳಗಿನ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ, ಒಂದೆರಡು ದಿನದ ಬೆಳಕು ಸಿಗುತ್ತದೆ. ಹೊಸ ಶಕ್ತಿಯೇನೂ ತುಂಬುವುದಿಲ್ಲ.

ಕರೆಂಟು ಹುಟ್ಟಿದಲ್ಲೇ ಕತ್ತಲೆ

ಶರಾವತಿಯ ಕಥೆ ಬಿಟ್ಟು ನಮ್ಮ ಕಡೆಯ ಬೆಳಕಿನ ಕಥೆ ಹೇಳಲಾಗದು. ಜೋಗದಲ್ಲಿ 1948ರಲ್ಲಿ ವಿದ್ಯುತ್ ಹುಟ್ಟಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ, ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟಗಳು ಮುಳುಗಿದವು. ಆಮೇಲೆ ವಾರಾಹಿ ಯೋಜನೆಗಾಗಿ ಹೊಸನಗರ ತಾಲ್ಲೂಕಿನಲ್ಲೇ ಮಾಣಿ ಅಣೆಕಟ್ಟು ಬಂತು. ಕರೆಂಟು ತಂತಿಯ ಮೇಲೆ ದೂರದ ಊರುಗಳಿಗೆ ಹೋಯಿತು. ನೆಲ ಕೊಟ್ಟವರು ಹಿನ್ನೀರಿನ ಅಂಚಿನಲ್ಲಿ, ಕಾಡಿನ ಮೂಲೆಯಲ್ಲಿ ಲಾಟೀನು ಹಚ್ಚಿಕೊಂಡು ದಶಕಗಳ ಕಾಲ ಕಾದರು. ಅಂಥ ಮನೆಗಳಿಗೆ ಮೊದಲು ಬಂದ ವಿದ್ಯುತ್ತು ಕಂಬದಿಂದ ಬರಲಿಲ್ಲ, ಅಂಗಡಿಯ ಸೆಲ್ಲಿನಿಂದ ಬಂತು. ಇವತ್ತೂ ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ನಾವು ಮತ್ತೆ ಅದೇ ಬ್ಯಾಟರಿಗೆ ಕೈ ಹಾಕುತ್ತೇವೆ.

ಎಲ್‌ಇಡಿ ಬದಲಿಸಿದ್ದೇನು

ಹಳೆಯ ಬಲ್ಬಿನಲ್ಲಿ ತಂತಿ ಕಾದು ಬೆಳಗುತ್ತಿತ್ತು, ಸೆಲ್ಲಿನ ಬಹುಪಾಲು ಶಕ್ತಿ ಶಾಖವಾಗಿ ಹೋಗುತ್ತಿತ್ತು. 1962ರಲ್ಲಿ ನಿಕ್ ಹೊಲೊನ್ಯಾಕ್ ಕೆಂಪು ಎಲ್‌ಇಡಿ ಮಾಡಿ ತೋರಿಸಿದ. ಬಿಳಿ ಬೆಳಕಿಗೆ ನೀಲಿ ಎಲ್‌ಇಡಿ ಬೇಕಿತ್ತು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಲೇಪ ಹಚ್ಚಿದರೆ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಬ್ಯಾಟರಿಯ ತುದಿಯಲ್ಲಿ ಕಾಣುವ ಹಳದಿ ಚುಕ್ಕೆ ಅದೇ.

ಇದು ಬರೀ ಅನುಕೂಲದ ಮಾತಲ್ಲ, ಜೀವದ ಮಾತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಪಶ್ಚಿಮಘಟ್ಟದ ತರಗೆಲೆಯಲ್ಲಿ ಅದೇ ಬಣ್ಣವಾಗಿ ಮಲಗಿರುವ, ಮೂತಿ ಮೇಲಕ್ಕೆದ್ದ ಗುಳಿಮಂಡಲಕ್ಕೆ ಅದು ಕೆಲಸ ಮಾಡುವುದಿಲ್ಲ. ಹಾಗಾಗಿ ಕಡಿಸಿಕೊಳ್ಳದೇ ಇರುವುದೇ ಮೊದಲ ಔಷಧಿ. ಕೊಟ್ಟಿಗೆಗೆ ಹತ್ತು ಹೆಜ್ಜೆ ಇದ್ದರೂ ಬೆಳಕು ಹಿಡಿದೇ ಹೋಗಬೇಕು.

ಕೊಳ್ಳುವಾಗ ಏನು ನೋಡಬೇಕು

ಲ್ಯೂಮೆನ್ ಎಂದರೆ ಒಟ್ಟು ಬೆಳಕಿನ ಅಳತೆ. ದಾರಿ ನಡೆಯಲು 200ರಿಂದ 300 ಸಾಕು. ಸಾವಿರಕ್ಕೂ ಮೀರಿ ಬರೆದಿದ್ದರೆ ಆ ಬೆಳಕು ಕೆಲವೇ ನಿಮಿಷ. ಬಿಸಿಯಾದ ಕೂಡಲೇ ತಾನೇ ಇಳಿಯುತ್ತದೆ. ಎಲ್‌ಇಡಿಯ ಶಾಖ ಹೊರಗೆ ಹೋಗಬೇಕಾದರೆ ಮೈ ಅಲ್ಯೂಮಿನಿಯಂನದ್ದಿರಬೇಕು.

ಆಳವಾದ ನುಣುಪು ಬಟ್ಟಲು ಇದ್ದರೆ ಬೆಳಕು ದೂರ ಹೋಗುತ್ತದೆ, ಗದ್ದೆಯಾಚೆಯ ಹಂದಿ ಕಾಯಲು ಅದು. ತರಿತರಿ ಬಟ್ಟಲಿನದು ಹತ್ತಿರ ಅಗಲಕ್ಕೆ ಹರಡುತ್ತದೆ, ಕಾಲುದಾರಿಗೆ ಅದೇ ಒಳ್ಳೆಯದು. ತೀರಾ ನೀಲಿಬಿಳಿ ಬೆಳಕಿನಲ್ಲಿ ತರಗೆಲೆ, ಹಾವು ಎರಡೂ ಒಂದೇ ಬಣ್ಣವಾಗಿ ಕಾಣಬಹುದು. ಬಣ್ಣ ಸರಿಯಾಗಿ ತೋರಿಸುವ, ತುಸು ಹಳದಿ ಕಡೆಯ ಬೆಳಕನ್ನು ಆರಿಸಿ. ಮಂಜಿನಲ್ಲಿ ಹಣೆಗೆ ಕಟ್ಟುವ ಲೈಟು ಕಣ್ಣಿಗೇ ಹೊಡೆಯುತ್ತದೆ. ಬ್ಯಾಟರಿಯನ್ನು ಸೊಂಟದಿಂದ ಕೆಳಗೆ ಹಿಡಿದರೆ ದಾರಿ ಕಾಣುತ್ತದೆ.

ಡಬ್ಬಿಯ ಮೇಲೆ ಐಪಿ ಎಂಬ ಗುರುತು ಹುಡುಕಿ. ಕೊನೆಯ ಅಂಕೆ ನೀರಿನದು. 4 ಇದ್ದರೆ ಎರಚಲು ತಡೆಯುತ್ತದೆ, 7 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ಬದುಕುತ್ತದೆ. ನಮ್ಮ ಮಳೆಗೆ 7 ಸಿಕ್ಕರೆ ನೆಮ್ಮದಿ.

18650 ಎಂಬ ಲಿಥಿಯಂ ಸೆಲ್ಲು 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದರಲ್ಲಿ ಹಿಡಿಯುವುದು ಹೆಚ್ಚೆಂದರೆ ಸುಮಾರು 3500 ಎಂಎಎಚ್. 9900 ಎಂದು ಬರೆದಿದ್ದರೆ ಅದು ಸುಳ್ಳು, ಆ ಬ್ಯಾಟರಿಯನ್ನೇ ಬಿಟ್ಟುಬಿಡಿ. ಸೆಲ್ಲು ತೆಗೆದು ಬದಲಿಸಲು ಬರುವಂಥದ್ದನ್ನೇ ಕೊಳ್ಳಿ. ಒಳಗೇ ಬೆಸುಗೆ ಹಾಕಿದ್ದರೆ ಸೆಲ್ಲು ಸತ್ತ ದಿನ ಬ್ಯಾಟರಿಯೂ ಸತ್ತಂತೆ.

ಬಾಳಿಕೆ ಬರಬೇಕೆಂದರೆ

ಅಗ್ಗದ ದೊಡ್ಡ ಚಾರ್ಜಿಂಗ್ ಲೈಟುಗಳಲ್ಲಿ ಇರುವುದು ಸಾಮಾನ್ಯವಾಗಿ ಸೀಸದ ಬ್ಯಾಟರಿ. ಅದನ್ನು ಪೂರ್ತಿ ಇಳಿಸಿ ಮೂಲೆಗೆ ಇಟ್ಟರೆ ಮತ್ತೆ ಏಳುವುದಿಲ್ಲ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಲಿಥಿಯಂ ಸೆಲ್ಲನ್ನು ತುಂಬ ದಿನ ಇಡುವುದಾದರೆ ಅರ್ಧ ಚಾರ್ಜಿನಲ್ಲಿಡಿ. ಉಬ್ಬಿದ ಸೆಲ್ಲನ್ನು ಬಳಸಲೇಬೇಡಿ. ಹಾಸಿಗೆಯ ಮೇಲೆ ಇಟ್ಟು ಚಾರ್ಜ್ ಮಾಡಬೇಡಿ. ಮಳೆಯಲ್ಲಿ ನೆಂದು ಬಂದರೆ ಚಾರ್ಜಿನ ತೂತು ಒಣಗುವ ತನಕ ವೈರು ಚುಚ್ಚಬೇಡಿ.

ಮಾಮೂಲು ಸೆಲ್ಲಿನದಾದರೆ ಹಳೆಯದು ಹೊಸದು ಬೆರೆಸಬೇಡಿ. ಬಳಸದ ತಿಂಗಳಲ್ಲಿ ಸೆಲ್ಲು ಹೊರಗೆ ತೆಗೆದಿಡಿ, ಇಲ್ಲದಿದ್ದರೆ ಸೋರಿ ಸ್ಪ್ರಿಂಗು ತಿನ್ನುತ್ತದೆ. ಮುಚ್ಚಳದ ತಿರುಪನ್ನು ಒಣ ಬಟ್ಟೆಯಲ್ಲಿ ಒರೆಸಿ. ಅಲ್ಲಿರುವ ರಬ್ಬರ್ ಬಳೆಯೇ ನೀರು ತಡೆಯುವುದು. ಅದಕ್ಕೆ ವರ್ಷಕ್ಕೊಮ್ಮೆ ಮಳೆಗಾಲದ ಮೊದಲು ತುಸು ಸಿಲಿಕೋನ್ ಗ್ರೀಸ್ ಹಚ್ಚಿ, ಕೊಬ್ಬರಿ ಎಣ್ಣೆ ಬೇಡ. ಬ್ಯಾಟರಿ ಮಿಣುಕಿದರೆ ಅನೇಕ ಸಲ ಕಾರಣ ಕೊಳೆಯಾದ ತಿರುಪು ಅಥವಾ ಸ್ಪ್ರಿಂಗು. ಎಸೆಯುವ ಮೊದಲು ಅದನ್ನು ನೋಡಿ.

ಸತ್ತ ಸೆಲ್ಲನ್ನು ತೋಟಕ್ಕೆ, ಹಳ್ಳಕ್ಕೆ ಎಸೆಯಬೇಡಿ. ಸೂಡಿ ಉರಿದರೆ ಉಳಿಯುವುದು ಬೂದಿ, ಅದು ಗೊಬ್ಬರವಾಗುತ್ತದೆ. ಸೆಲ್ಲಿನ ಲೋಹ ಹಾಗಲ್ಲ, ಮಣ್ಣಿಗೂ ನೀರಿಗೂ ಇಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೆಯ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಒಂದು ಡಬ್ಬಿಯಲ್ಲಿ ಕೂಡಿಟ್ಟು, ಪೇಟೆಗೆ ಹೋದಾಗ ಕೊಂಡ ಅಂಗಡಿಯಲ್ಲಿ ಕೇಳಿ. ನಾಲ್ಕು ಮನೆಯವರು ಸೇರಿ ಕೇಳಿದರೆ ಅಂಗಡಿಯವರೂ ಕಿವಿಗೊಡುತ್ತಾರೆ.