ಮಂಡಿಯ ಬೋರ್ಡು, ಕೋರ್ಟಿನ ಸಮನ್ಸು

ಆದೋನಿಯ ಹತ್ತಿ ವ್ಯಾಪಾರದ ಬೀದಿಗಳಲ್ಲಿ ಬೋರ್ಡುಗಳನ್ನು ಓದುತ್ತ ನಡೆದರೆ ವ್ಯಾಪಾರದ ಕಾನೂನು ಚರಿತ್ರೆ ಒಂದು ಮಟ್ಟಿಗೆ ಕಣ್ಣಿಗೆ ಬೀಳುತ್ತದೆ. ಅಪ್ಪನ ಹೆಸರಿನ ಕೆಳಗೆ ‘ಅಂಡ್ ಸನ್ಸ್’, ಪಕ್ಕದಲ್ಲೇ ‘ಬ್ರದರ್ಸ್’, ಅದರಾಚೆ ‘ಅಂಡ್ ಕೋ’, ಊರ ಹೊರಗಿನ ಜಿನ್ನಿಂಗ್ ಮಿಲ್ಲಿನ ಗೇಟಿನ ಮೇಲೆ ‘ಪ್ರೈವೇಟ್ ಲಿಮಿಟೆಡ್’. ಅವಿಭಕ್ತ ಕುಟುಂಬ, ಪಾಲುದಾರಿಕೆ, ಕಂಪನಿ ಮೂರೂ ಅಲ್ಲಿವೆ. ಇವುಗಳಲ್ಲಿ ಒಂದನ್ನು ಆರಿಸಿಕೊಂಡವರು ಆದಾಯ ತೆರಿಗೆ, ಬ್ಯಾಂಕಿನ ಸಾಲ, ಅಣ್ಣತಮ್ಮಂದಿರ ಪಾಲು ಎಲ್ಲವನ್ನೂ ಲೆಕ್ಕ ಹಾಕಿದ್ದಾರೆ. ವ್ಯವಹಾರ ಕೆಟ್ಟಾಗ ಕಟಕಟೆಯಲ್ಲಿ ಯಾರು ನಿಲ್ಲಬೇಕು ಎಂಬ ಲೆಕ್ಕವನ್ನು ಮಾತ್ರ ಬಹುಪಾಲು ಜನ ಹಾಕಿಲ್ಲ. ಅದನ್ನು ಒಂದೊಂದು ಕಾಯ್ದೆ ಒಂದೊಂದು ರೀತಿಯಲ್ಲಿ ತಾನೇ ಹಾಕುತ್ತ ಬಂದಿದೆ.

ಈ ಸೀಮೆಯ ಕಾನೂನು ಮದ್ರಾಸಿನಿಂದ ಬಂದದ್ದು. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಆದೋನಿಯೂ ಸೇರಿತ್ತು. ಆಮೇಲೆ ಅದು ಬಳ್ಳಾರಿ ಜಿಲ್ಲೆಯ ತಾಲೂಕಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು ಕರ್ನೂಲಿಗೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಆದೋನಿಯ ಕಕ್ಷಿದಾರನಿಗೆ ಜಿಲ್ಲಾ ಕೋರ್ಟು ಬಳ್ಳಾರಿಯಿಂದ ಕರ್ನೂಲಿಗೆ ಸರಿಯಿತು. ಹೈಕೋರ್ಟಂತೂ ಮದ್ರಾಸಿನಿಂದ 1954ರಲ್ಲಿ ಗುಂಟೂರಿಗೆ, 1956ರಲ್ಲಿ ಹೈದರಾಬಾದಿಗೆ, 2019ರಲ್ಲಿ ಅಮರಾವತಿಗೆ ಹೀಗೆ ಅಲೆಯುತ್ತಲೇ ಇತ್ತು. ಕೋಸಿಗಿ, ಹೊಳಗುಂದ, ಹಾಲಹರವಿ ಕಡೆಯ ಕನ್ನಡ ಮಾತಿನ ರೈತ ಇವತ್ತಿಗೂ ತೆಲುಗಿನಲ್ಲಿ ಬರೆದ ಪಟ್ಟಿ ಹಿಡಿದುಕೊಂಡು, ಇಂಗ್ಲಿಷಿನಲ್ಲಿ ಬಂದ ನೋಟಿಸನ್ನು ವಕೀಲರಿಂದ ಓದಿಸಿಕೊಳ್ಳುತ್ತಾನೆ.

1862ರ ಜನವರಿಯಿಂದ ಜಾರಿಗೆ ಬಂದ ಭಾರತ ದಂಡ ಸಂಹಿತೆ ವ್ಯಾಪಾರಿಯನ್ನು ಮರೆತಿರಲಿಲ್ಲ. ಸುಳ್ಳು ತಕ್ಕಡಿ, ಸುಳ್ಳು ತೂಕದ ಕಲ್ಲುಗಳಿಗಾಗಿಯೇ ಅದರಲ್ಲಿ 264ರಿಂದ 267ರವರೆಗಿನ ಕಲಮುಗಳಿದ್ದವು. ‘ವ್ಯಕ್ತಿ’ ಎಂದರೆ ಕಂಪನಿ, ಸಂಘ, ಜನರ ಕೂಟ ಎಲ್ಲವೂ ಎಂದು 11ನೇ ಕಲಮು ಆಗಲೇ ಹೇಳಿತ್ತು. ಅಂಗಡಿಗೆ ತೀರ ಹತ್ತಿರದ್ದು 409ನೇ ಕಲಮು. ಸರ್ಕಾರಿ ನೌಕರ, ಬ್ಯಾಂಕರ್, ವರ್ತಕ, ದಲ್ಲಾಳಿ, ಏಜೆಂಟ್ ಇವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ, ನಂಬಿ ಒಪ್ಪಿಸಿದ್ದನ್ನು ನುಂಗಿದರೆ ಆಜೀವ ಶಿಕ್ಷೆಯವರೆಗೂ ಎಂದಿತು. ಸಾಮಾನ್ಯ ನಂಬಿಕೆದ್ರೋಹಕ್ಕೆ 406ರಲ್ಲಿ ಮೂರು ವರ್ಷವಿದ್ದರೆ ದಲ್ಲಾಳಿಗೆ ಇಷ್ಟು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 316ನೇ ಕಲಮಿನ ಐದನೇ ಉಪಕಲಮು. ನಂಬರು ಬದಲಾಗಿದೆ, ದಲ್ಲಾಳಿಯ ಜಾಗ ಬದಲಾಗಿಲ್ಲ.

ಆಗಿನ ಮಂಡಿಗಳು ಹೆಚ್ಚಾಗಿ ಮನೆತನದ ಮಂಡಿಗಳು. ವ್ಯಾಪಾರದ ಸಾಲಕ್ಕೆ ಕುಟುಂಬದ ಆಸ್ತಿ ಹೊಣೆ, ಯಜಮಾನನ ಸ್ವಂತ ಆಸ್ತಿಯೂ ಹೊಣೆ. ಅಪರಾಧದ ಹೊಣೆ ಮಾತ್ರ ಮಾಡಿದವನದ್ದು. ಗುಮಾಸ್ತ ತೂಕದಲ್ಲಿ ಹೊಡೆದರೆ ಯಜಮಾನನನ್ನು ಹಿಡಿಯಲು ಅವನಿಗೂ ಗೊತ್ತಿತ್ತೆಂದು ತೋರಿಸಬೇಕಿತ್ತು.

ಈ ತೊಡಕನ್ನು ಹತ್ತಿಯ ಕಾನೂನು ತನ್ನದೇ ದಾರಿಯಲ್ಲಿ ಬಿಡಿಸಿತು. ಬಳ್ಳಾರಿ, ಕರ್ನೂಲು ಕಡೆಯ ಹತ್ತಿಗೆ ಪೇಟೆಯಲ್ಲಿ ‘ವೆಸ್ಟರ್ನ್ಸ್’ ಎಂಬ ಹೆಸರಿತ್ತು. ಅದಕ್ಕೆ ಕೀಳು ಹತ್ತಿ ಬೆರೆಸುವುದು, ನೀರು ಚಿಮುಕಿಸಿ ತೂಕ ಏರಿಸುವುದು ಹಳೆಯ ರೋಗಗಳು. 1925ರ ಜಿನ್ನಿಂಗ್ ಮತ್ತು ಪ್ರೆಸ್ಸಿಂಗ್ ಕಾರ್ಖಾನೆ ಕಾಯ್ದೆ ಪ್ರತಿ ಬೇಲಿನ ಮೇಲೂ ಪ್ರೆಸ್ಸಿನ ಗುರುತು ಮತ್ತು ಕ್ರಮಸಂಖ್ಯೆ ಒತ್ತಬೇಕೆಂದಿತು. ಯಾರ ಹತ್ತಿ ಯಾವ ದಿನ ಒತ್ತಿದ್ದು ಎಂಬ ರಿಜಿಸ್ಟರು ಇಡಬೇಕೆಂದಿತು. ಬೊಂಬಾಯಿಯಲ್ಲೋ ಲಿವರ್‌ಪೂಲಿನಲ್ಲೋ ಬೇಲು ಬಿಚ್ಚಿ ಒಳಗೆ ಕಸ ಕಂಡರೆ ಮೇಲಿನ ಮುದ್ರೆ ಹಿಡಿದು ಆದೋನಿಯ ಪ್ರೆಸ್ಸಿನ ಬಾಗಿಲಿಗೆ ಬರಬಹುದಿತ್ತು. ಗುಮಾಸ್ತನ ಮನಸ್ಸಿನಲ್ಲಿ ಏನಿತ್ತೆಂದು ಹುಡುಕುವ ಬದಲು ರಿಜಿಸ್ಟರು ಇಟ್ಟಿಲ್ಲವೆಂದು ಮಾಲೀಕನಿಗೆ ದಂಡ ಹಾಕುವುದು ಸುಲಭ. ಮುಂದೆ ವ್ಯಾಪಾರದ ಮೇಲೆ ಬಂದ ನೂರಾರು ಕ್ರಿಮಿನಲ್ ಕಲಮುಗಳು ಹಿಡಿದದ್ದು ಇದೇ ಜಾಡು.

ಮಾರುಕಟ್ಟೆಗೂ ಅದೇ ಆಯಿತು. 1933ರ ಮದ್ರಾಸ್ ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯ್ದೆ ಹತ್ತಿ, ಕಡಲೆಕಾಯಿ, ಹೊಗೆಸೊಪ್ಪಿನ ವ್ಯಾಪಾರಕ್ಕೆ ಲೈಸೆನ್ಸು ತಂದಿತು. ವರ್ತಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 1958ರಲ್ಲಿ ಅರುಣಾಚಲ ನಾಡಾರ್ ಪ್ರಕರಣದಲ್ಲಿ ಕಾಯ್ದೆಯನ್ನು ಎತ್ತಿಹಿಡಿದು ತೀರ್ಪು ಬರೆದವರು ಕೆ. ಸುಬ್ಬರಾವ್, ಗುಂಟೂರಿನ ಆಂಧ್ರ ಹೈಕೋರ್ಟಿಗೆ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿದ್ದವರು. ಬೆಳೆಗಾರ ದಲ್ಲಾಳಿಯ ಕೈಗೆ ಸಿಕ್ಕಿ ನಲುಗುವ ರೀತಿಯನ್ನು ಆ ತೀರ್ಪು ವಿವರಿಸಿದಷ್ಟು ಚೆನ್ನಾಗಿ ಯಾವ ಭಾಷಣವೂ ವಿವರಿಸಿಲ್ಲ ಎನ್ನಬೇಕು. ಆಂಧ್ರ ಪ್ರದೇಶ ತನ್ನದೇ ಮಾರುಕಟ್ಟೆ ಕಾಯ್ದೆ ಮಾಡಿಕೊಂಡದ್ದು 1966ರಲ್ಲಿ.

1932ರ ಪಾಲುದಾರಿಕೆ ಕಾಯ್ದೆ ‘ಅಂಡ್ ಕೋ’ಗಳ ತಾಯಿ. ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದ ಸಂಸ್ಥೆ ತನ್ನ ಕರಾರಿನ ಬಾಕಿಗೆ ದಾವೆ ಹೂಡಲು 69ನೇ ಕಲಮು ಬಿಡುವುದಿಲ್ಲ. ಪಾಲುದಾರರೆಲ್ಲ ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ಪೂರ್ತಿ ಸಾಲಕ್ಕೆ ಹೊಣೆ ಎನ್ನುವುದು 25ನೇ ಕಲಮು. ಇಲ್ಲೊಂದು ರೂಢಿ ಬೆಳೆಯಿತು: ತೆರಿಗೆ ಹಂಚಿಕೊಳ್ಳಲೆಂದು ಹೆಂಡತಿ, ಅತ್ತಿಗೆ, ಮುದಿ ತಾಯಿ ಎಲ್ಲರನ್ನೂ ಡೀಡಿನಲ್ಲಿ ಪಾಲುದಾರರನ್ನಾಗಿಸುವುದು. ಗಲ್ಲಾದ ಮೇಲೆ ಒಂದು ದಿನವೂ ಕೂರದ ಹೆಂಗಸು ಕಾಗದದಲ್ಲಿ ವ್ಯಾಪಾರಿ. ಅದರ ಬೆಲೆ ಅರ್ಧ ಶತಮಾನದ ನಂತರ ತಿಳಿಯಿತು.

ಯುದ್ಧಕಾಲದ ರೇಷನ್ನಿನ ದಿನಗಳಲ್ಲಿ ಮಾಲೀಕನ ಹೊಣೆಯ ಪ್ರಶ್ನೆ ಮತ್ತೆ ಎದ್ದಿತು. ಗುಂಟೂರಿನ ಪೆಟ್ರೋಲ್ ಬಂಕೊಂದರಲ್ಲಿ ಆಳುಗಳು ಕೂಪನ್ ಇಲ್ಲದೆ ಪೆಟ್ರೋಲ್ ಹಾಕಿದರು. ಲೈಸೆನ್ಸುದಾರ ಸ್ಥಳದಲ್ಲಿರಲಿಲ್ಲ. 1951ರಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಸ್ಪಷ್ಟವಾಗಿ ಬೇಡವೆನ್ನದ ಹೊರತು ಅಪರಾಧಕ್ಕೆ ಅಪರಾಧಿ ಮನಸ್ಸು ಬೇಕೇ ಬೇಕು ಎಂದಿತು. ಶಾಸಕಾಂಗ ಈ ತೀರ್ಪಿಗೆ ಸುತ್ತುದಾರಿ ಕಂಡುಕೊಂಡಿತು. 1955ರ ಅಗತ್ಯ ವಸ್ತುಗಳ ಕಾಯ್ದೆಯ 10ನೇ ಕಲಮು ನೋಡಿ: ಕಂಪನಿ ತಪ್ಪು ಮಾಡಿದರೆ ಆ ಹೊತ್ತಿಗೆ ಅದರ ವ್ಯವಹಾರದ ಉಸ್ತುವಾರಿ ಹೊತ್ತಿದ್ದ ಪ್ರತಿಯೊಬ್ಬನೂ ಅಪರಾಧಿ, ತನಗೆ ಗೊತ್ತಿರಲಿಲ್ಲವೆಂದು ಅವನೇ ಸಾಬೀತು ಮಾಡಬೇಕು. ‘ಕಂಪನಿ’ ಎಂದರೆ ಪಾಲುದಾರಿಕೆಯೂ ಹೌದು, ‘ಡೈರೆಕ್ಟರ್’ ಎಂದರೆ ಪಾಲುದಾರನೂ ಹೌದು. ಆಹಾರ ಕಲಬೆರಕೆ, ಬಿತ್ತನೆ ಬೀಜ ಹೀಗೆ ಕಾಯ್ದೆಯಿಂದ ಕಾಯ್ದೆಗೆ ಈ ಅಚ್ಚೇ ಬಹುಮಟ್ಟಿಗೆ ನಕಲಾಯಿತು. ಕಡಲೆಕಾಯಿ ಎಣ್ಣೆ ತೆಗೆಯುವವನಿಗೂ, ಮುಂಗಾರಿಗೆ ಹತ್ತಿ ಬೀಜ ಮಾರುವವನಿಗೂ ಒಂದೇ ಉರುಳು.

ಆದೋನಿಯ ವ್ಯಾಪಾರಿಗೆ ಈ ಅಚ್ಚು ನಿಜವಾಗಿ ತಾಗಿದ್ದು 1989ರ ಏಪ್ರಿಲ್ 1ರಿಂದ. ಅಂದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ ಸೇರಿದ 138ನೇ ಕಲಮು ಜಾರಿಗೆ ಬಂತು. ಚೆಕ್ ಬೌನ್ಸಾದರೆ ಜೈಲು, ಮೊದಲು ಒಂದು ವರ್ಷದವರೆಗೆ, 2002ರ ತಿದ್ದುಪಡಿಯ ಮೇಲೆ ಎರಡು ವರ್ಷದವರೆಗೆ. ಬ್ಯಾಂಕಿನಿಂದ ಮೆಮೊ ಬಂದ 30 ದಿನದೊಳಗೆ ನೋಟಿಸು, ಕೈಸೇರಿದ 15 ದಿನದೊಳಗೆ ಹಣ, ಬಾರದಿದ್ದರೆ ಒಂದು ತಿಂಗಳೊಳಗೆ ದೂರು. ಈ ಮೂರು ಗಡುವು ರೈತನ ಬಾಯಲ್ಲೂ ಬಂದಿವೆ. ಮಂಡಿಗಳಲ್ಲಿ ಭದ್ರತೆಗೆಂದು ಸಹಿ ಹಾಕಿದ ಖಾಲಿ ಚೆಕ್ ಇಸಿದುಕೊಳ್ಳುವ ಪದ್ಧತಿ ಇದೆಯಲ್ಲ, ಅದಕ್ಕೂ ಇಲ್ಲಿ ಬಲ ಸಿಕ್ಕಿತು: ಸ್ವಇಚ್ಛೆಯಿಂದ ಕೊಟ್ಟ ಖಾಲಿ ಚೆಕ್ಕಿಗೂ ಸಾಲದ ಊಹೆ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು.

ಗಡಿಯವರಿಗೆ ಇನ್ನೂ ಮುಖ್ಯವಾದದ್ದು 2015ರ ತಿದ್ದುಪಡಿ. ಅದರ ಹಿಂದಿನ ವರ್ಷದ ತೀರ್ಪೊಂದು, ಚೆಕ್ ತಿರಸ್ಕರಿಸಿದ ಬ್ಯಾಂಕ್ ಇರುವ ಊರಿನಲ್ಲೇ ಕೇಸು ಹಾಕಬೇಕೆಂದಿತ್ತು. ಸಿರುಗುಪ್ಪದ ರೈತ ಹತ್ತಿ ಮಾರಿ ಆದೋನಿಯ ಖಾತೆಯ ಚೆಕ್ ತಂದಿದ್ದರೆ ವಾಯಿದೆಗೊಮ್ಮೆ ಆದೋನಿಗೇ ಅಲೆಯಬೇಕಿತ್ತು. ತಿದ್ದುಪಡಿಯಾದ ಮೇಲೆ, ಚೆಕ್ಕನ್ನು ತನ್ನ ಖಾತೆಗೆ ಹಾಕಿದ್ದರೆ ಆ ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿಗೇ ಹೋಗಬಹುದು. ಈಗ ಬಸ್ಸು ಹತ್ತಬೇಕಾದವನು ವ್ಯಾಪಾರಿ.

ಡೀಡಿನಲ್ಲಿ ಮಾತ್ರ ಪಾಲುದಾರರಾದ ಹೆಂಗಸರಿಗೆ ಸಮನ್ಸು ಬರತೊಡಗಿದ್ದೂ ಇದೇ ಕಾಯ್ದೆಯ 141ನೇ ಕಲಮಿನಿಂದ. ದೂರು ಬರೆಯುವ ವಕೀಲರು ಪಟ್ಟಿಯಲ್ಲಿದ್ದ ಹೆಸರುಗಳನ್ನೆಲ್ಲ ಆರೋಪಿಗಳಾಗಿ ಸೇರಿಸುತ್ತಾರೆ. ಮನೆಯ ಹೆಂಗಸು ಕೋರ್ಟಿಗೆ ಬರುವುದೆಂದರೆ ಹಣ ಬೇಗ ಹುಟ್ಟುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದೆ. ಕೋರ್ಟುಗಳು ಇದನ್ನು ನಿಧಾನವಾಗಿ ಬಿಗಿ ಮಾಡಿದವು. ಉಸ್ತುವಾರಿ ಇವರದೇ ಎಂದು ದೂರಿನಲ್ಲಿ ಬಿಡಿಸಿ ಹೇಳಬೇಕೆಂದು 2005ರಲ್ಲಿ, ಕಂಪನಿಯನ್ನೇ ಆರೋಪಿಯಾಗಿಸದೆ ಡೈರೆಕ್ಟರನ್ನು ಹಿಡಿಯಬಾರದೆಂದು 2012ರಲ್ಲಿ, ಬರೀ ಪಾಲುದಾರನೆಂಬ ಅಥವಾ ಸಾಲಕ್ಕೆ ಜಾಮೀನು ನಿಂತನೆಂಬ ಕಾರಣಕ್ಕೆ ಶಿಕ್ಷೆ ಸಲ್ಲದೆಂದು 2022ರಲ್ಲಿ ತೀರ್ಪುಗಳು ಬಂದವು. ಆದರೂ ಬಿಡುಗಡೆ ಸಿಗುವ ಮೊದಲು ಎಷ್ಟೋ ವಾಯಿದೆಗಳು ಕಳೆದಿರುತ್ತವೆ. ಒಂದು ಚೆಕ್ಕಿಗೆ ಇಡೀ ಮನೆಯನ್ನು ಕೋರ್ಟಿಗೆ ಎಳೆಯುವುದು ನನ್ನ ದೃಷ್ಟಿಯಲ್ಲಿ ಕಾನೂನಿನ ದುರುಪಯೋಗ, ಅದನ್ನು ವಸೂಲಿ ಜಾಣತನವೆಂದು ಮೆಚ್ಚಬೇಕಾಗಿಲ್ಲ.

ಇನ್ನೊಂದು ವಾಡಿಕೆಯ ದುರುಪಯೋಗ ಪೊಲೀಸ್ ಠಾಣೆಯದು. ಬಾಕಿ ಬರಲಿಲ್ಲವೆಂದರೆ ನಂಬಿಕೆದ್ರೋಹ, ವಂಚನೆ ಎರಡನ್ನೂ ಜೋಡಿಸಿ ದೂರು ಕೊಡುವುದು. ಇಲ್ಲಿ ಹತ್ತಿಯ ಚೀಲ ಯಾರ ಕೈಯಲ್ಲಿದೆ ಎನ್ನುವುದೇ ಎಲ್ಲ. ಕಮಿಷನ್ ಮಂಡಿಗೆ ರೈತ ಹತ್ತಿ ಇಳಿಸಿದಾಗ ಅದಿನ್ನೂ ರೈತನದು. ಮಾರಿ ಬಂದ ಹಣವೂ, ಕಮಿಷನ್ನು ಹಮಾಲಿ ಕಳೆದು, ರೈತನದೇ. ಮಂಡಿಯವನು ಅದನ್ನು ಬೇರೆ ಸಾಲಕ್ಕೆ ಹಾಕಿಕೊಂಡರೆ ಹಳೆಯ 409ರ ನೆರಳು ಬೀಳುತ್ತದೆ. ಅದೇ ಹತ್ತಿಯನ್ನು ಮಿಲ್ಲು ಕೊಂಡು ಹಣ ಉಳಿಸಿಕೊಂಡರೆ ಅದು ಸಾಲ. ಕೊಳ್ಳುವ ದಿನವೇ ಮೋಸದ ಮನಸ್ಸಿತ್ತೆಂದು ತೋರಿಸದ ಹೊರತು ಸಿವಿಲ್ ದಾವೆಯೇ ದಾರಿ. 2024ರ ಆಗಸ್ಟಿನಲ್ಲಿ ಡೆಲ್ಲಿ ರೇಸ್ ಕ್ಲಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ಅಲ್ಲಿ ಬಾಕಿ ಇದ್ದದ್ದು ಕುದುರೆಗಳಿಗೆ ಪೂರೈಸಿದ ಕಾಳು ಮತ್ತು ಓಟ್ಸಿನ ಹಣ, ಒಂಬತ್ತು ಲಕ್ಷಕ್ಕೂ ಮೇಲೆ. ಮಾರಾಟವಾದ ಮಾಲಿಗೆ ನಂಬಿಕೆದ್ರೋಹ ಅಂಟುವುದಿಲ್ಲ, ಒಂದೇ ಸಂಗತಿಯ ಮೇಲೆ ವಂಚನೆ ಮತ್ತು ನಂಬಿಕೆದ್ರೋಹ ಜೊತೆಗೆ ನಿಲ್ಲುವುದಿಲ್ಲ ಎಂದಿತು ಕೋರ್ಟು. ಸ್ವಂತ ಹೊಣೆಯ ಮೇಲೆ ಕೊಂಡು ಮಾರುವ ಪಕ್ಕಾ ಅಡತಿಯವನು ದಲ್ಲಾಳಿಯೋ ಖರೀದಿದಾರನೋ ಎಂಬ ಜಗಳ ಮಾತ್ರ ಆಯಾ ಪಟ್ಟಿ, ಕಿರ್ದಿ, ಖತಾವಣಿ ಬಿಚ್ಚಿ ನೋಡಿಯೇ ತೀರಬೇಕು.

ಹಣ ಪೂರ್ತಿ ಮುಳುಗಿದಾಗ ರಾಯಲಸೀಮೆಯ ಪೇಟೆಗಳಲ್ಲಿ ಕೇಳುವ ಮಾತು ‘ಐಪಿ ಹಾಕಿದ’. 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಅರ್ಜಿ ಅದು. ಐನೂರು ರೂಪಾಯಿ ಸಾಲವಿದ್ದರೂ ಹಾಕಬಹುದೆಂಬ ಆಗಿನ ಮಿತಿ ಓದಿದರೆ ಈಗ ನಗು ಬರುತ್ತದೆ. ಕಂಪನಿಗಳಿಗೆ 2016ರ ದಿವಾಳಿತನ ಸಂಹಿತೆ, ಅಮರಾವತಿಯ ಕಂಪನಿ ನ್ಯಾಯಮಂಡಳಿ ಎಲ್ಲ ಬಂದರೂ ಮಂಡಿಯವನಿಗೆ ಉಳಿದಿರುವುದು ಈ ಹಳೆಯ ಅರ್ಜಿಯೇ. ಲೆಕ್ಕದ ಪುಸ್ತಕ ಸುಟ್ಟೋ ಆಸ್ತಿ ಮುಚ್ಚಿಟ್ಟೋ ಐಪಿ ಹಾಕಿದರೆ ಅದೇ ಕಾಯ್ದೆಯಲ್ಲಿ ಜೈಲೂ ಇದೆ.

ಕಂಪನಿಯನ್ನು ಜೈಲಿಗೆ ಹಾಕುವುದು ಹೇಗೆ ಎಂಬ ಗೋಜಲು 2005ರಲ್ಲಿ ಬಗೆಹರಿಯಿತು. ಜೈಲು ಕಡ್ಡಾಯವಿರುವ ಅಪರಾಧಕ್ಕೂ ಕಂಪನಿಯ ಮೇಲೆ ಮೊಕದ್ದಮೆ ನಡೆಸಿ ದಂಡ ಹಾಕಬಹುದೆಂದು ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಹುಮತದಿಂದ ಹೇಳಿತು. ಷೇರುದಾರನ ಹೊಣೆಗೆ ಮಿತಿ ಇರುವುದು ಸಾಲದ ಮಟ್ಟಿಗೆ. ಡೈರೆಕ್ಟರನ ಮೈಗೆ ಆ ಮಿತಿ ಕವಚವಲ್ಲ. ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿಯ ಕೈ ರೋಲರಿಗೆ ಸಿಕ್ಕಿದರೆ ‘ಆಕ್ಯುಪೈಯರ್’ ಎಂದು ಮ್ಯಾನೇಜರನ ಹೆಸರು ಬರೆದುಕೊಟ್ಟು ಪಾರಾಗುವ ದಾರಿಯನ್ನು ಕಾರ್ಖಾನೆಗಳ ಕಾಯ್ದೆಯ 1987ರ ತಿದ್ದುಪಡಿಯೇ ಮುಚ್ಚಿತ್ತು. ಕಂಪನಿಯಾದರೆ ಒಬ್ಬ ಡೈರೆಕ್ಟರ್, ಸಂಸ್ಥೆಯಾದರೆ ಒಬ್ಬ ಪಾಲುದಾರ ನಿಲ್ಲಲೇಬೇಕೆಂದಿತು.

2017ರ ಜಿಎಸ್‌ಟಿ ಇದನ್ನೆಲ್ಲ ಒಂದೇ ಕಡೆ ಸೇರಿಸಿತು. ಅದರ 137ನೇ ಕಲಮು ಕಂಪನಿ, ಪಾಲುದಾರಿಕೆ, ಎಲ್‌ಎಲ್‌ಪಿಗಳ ಜೊತೆಗೆ ಹಿಂದೂ ಅವಿಭಕ್ತ ಕುಟುಂಬದ ಕರ್ತನನ್ನೂ ಹೆಸರಿಸುತ್ತದೆ. ರೈತನಿಂದ ಕೊಂಡ ಹಸಿ ಹತ್ತಿಗೆ ಅದೇ ವರ್ಷದ ನವೆಂಬರಿನಿಂದ ಕೊಳ್ಳುವವನೇ ತೆರಿಗೆ ಕಟ್ಟಬೇಕು. ಮಾಲಿಲ್ಲದೆ ಬಿಲ್ಲು ಮಾತ್ರ ಓಡಿಸುವವರಿಗೆ, ತೆರಿಗೆ ಐದು ಕೋಟಿ ಮೀರಿದರೆ, ಐದು ವರ್ಷದವರೆಗೆ ಜೈಲು. 2023ರಲ್ಲಿ ಉಳಿದ ಅಪರಾಧಗಳಿಗೆ ಮೊಕದ್ದಮೆಯ ಕೆಳಮಿತಿಯನ್ನು ಒಂದರಿಂದ ಎರಡು ಕೋಟಿಗೆ ಏರಿಸಿದಾಗಲೂ ಬೋಗಸ್ ಬಿಲ್ಲಿಗೆ ಆ ರಿಯಾಯಿತಿ ಕೊಡಲಿಲ್ಲ.

ಈಗ ಗಾಳಿ ಎದುರು ದಿಕ್ಕಿಗೆ ಬೀಸುತ್ತಿದೆ. ಕಂಪನಿ ಕಾಯ್ದೆಗೆ 2020ರಲ್ಲಿ, ಎಲ್‌ಎಲ್‌ಪಿ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ ಸಣ್ಣ ತಪ್ಪುಗಳು ಜೈಲಿನಿಂದ ದಂಡಕ್ಕೆ ಇಳಿದವು. 2023ರ ಜನ ವಿಶ್ವಾಸ ಕಾಯ್ದೆ 42 ಕಾಯ್ದೆಗಳ 183 ಕಲಮುಗಳನ್ನು ಸಡಿಲಿಸಿತು. ತಡವಾಗಿ ಸಲ್ಲಿಸಿದ ಕಾಗದಕ್ಕೆ ಜೈಲೆನ್ನುವುದು ಯಾವಾಗಲೂ ಅತಿಯೇ ಆಗಿತ್ತು. ತಮಾಷೆಯೆಂದರೆ 2020ರಲ್ಲಿ ಹಣಕಾಸು ಇಲಾಖೆ 138ನೇ ಕಲಮನ್ನೂ ಅಪರಾಧದ ಪಟ್ಟಿಯಿಂದ ತೆಗೆಯುವ ಪ್ರಸ್ತಾವ ಇಟ್ಟಾಗ ಬೇಡವೆಂದವರಲ್ಲಿ ವರ್ತಕರ ಸಂಘಗಳೇ ಮುಂದಿದ್ದವು. ತಾವೇ ಹೆದರುವ ಕಲಮು ಅವರಿಗೆ ವಸೂಲಿಯ ಆಯುಧವೂ ಹೌದು.

ಆ ಆಯುಧವೂ ಈಗ ಮೊಂಡಾಗುತ್ತಿದೆ. ದೊಡ್ಡ ಹಣ ಆರ್‌ಟಿಜಿಎಸ್‌ನಲ್ಲಿ ಹೋಗುತ್ತದೆ. ಉದ್ರಿ ವ್ಯವಹಾರ ವಾಟ್ಸ್ಯಾಪಿನಲ್ಲಿ ‘ಸೋಮವಾರ ಹಾಕ್ತೀನಿ’ ಎಂಬ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಚೆಕ್ಕೇ ಇಲ್ಲದ ಕಡೆ 138 ಇಲ್ಲ. ಆ ಸಾಲನ್ನು ಸಾಕ್ಷ್ಯವಾಗಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಪ್ರಮಾಣಪತ್ರ ಕೇಳುತ್ತದೆ. ಅದರ ಒಂದು ಭಾಗಕ್ಕೆ ಕಕ್ಷಿದಾರ, ಇನ್ನೊಂದಕ್ಕೆ ಪರಿಣತ ಸಹಿ ಹಾಕಬೇಕು, ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಕೌತಾಳಂ ಕಡೆಯ ರೈತ ಅಂಥ ಪರಿಣತನನ್ನು ಎಲ್ಲಿ ಹುಡುಕಬೇಕು, ಅವನ ಫೀಸು ಯಾರು ಕೊಡಬೇಕು ಎಂಬುದಕ್ಕೆ ಆ ಕಲಮಿನಲ್ಲಿ ಉತ್ತರವಿಲ್ಲ.