ಎರಡೇ ನಿಮಿಷದ ವಿಮಾನಯಾನ

ವಿಮಾನವೆಂದರೆ ದೂರದ ಊರಿಗೆ ಹೋಗುವ ವಾಹನ ಎಂಬುದು ನಮ್ಮೆಲ್ಲರ ಎಣಿಕೆ. ಬೆಂಗಳೂರು ವಿಮಾನ ನಿಲ್ದಾಣದ ರನ್‌ವೇ 4 ಕಿಲೋಮೀಟರ್ ಉದ್ದವಿದೆ. ಅದಕ್ಕಿಂತಲೂ ಕಡಿಮೆ ದೂರ ಹಾರಿ ಇಳಿದುಬಿಡುವ ವಿಮಾನವೊಂದು ಇದೆಯೆಂದರೆ ನಂಬುವುದು ಕಷ್ಟ.

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ಎಂಬ ದ್ವೀಪಸಮೂಹವಿದೆ. ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ವಿಮಾನತಾಣಗಳ ನಡುವಿನ ಅಂತರ ಸುಮಾರು 2.7 ಕಿಲೋಮೀಟರ್. ಪ್ರಯಾಣದ ಅವಧಿ ಹೆಚ್ಚೆಂದರೆ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದರೆ ಒಂದು ನಿಮಿಷವೂ ಬೇಡ. ಇದುವರೆಗಿನ ದಾಖಲೆ 53 ಸೆಕೆಂಡು! ಜಗತ್ತಿನ ಅತ್ಯಂತ ಚಿಕ್ಕ ನಿಗದಿತ ವಿಮಾನ ಸಂಚಾರವೆಂಬ ಹೆಸರು ಇದರದು.

ಒಂದೇ ದೂರಕ್ಕೆ ಇಷ್ಟೊಂದು ವ್ಯತ್ಯಾಸವೇಕೆ? 2.7 ಕಿಲೋಮೀಟರನ್ನು 53 ಸೆಕೆಂಡಿನಲ್ಲಿ ದಾಟಿದರೆ ವೇಗ ಗಂಟೆಗೆ 183 ಕಿಲೋಮೀಟರ್ ಆಗುತ್ತದೆ; ಎರಡು ನಿಮಿಷ ಹಿಡಿದರೆ ಕೇವಲ 81. ದೀರ್ಘ ಪ್ರಯಾಣದಲ್ಲಿ ಏರುವ, ತಿರುಗುವ, ಇಳಿಯುವ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿಯಾದರೋ ಅದೇ ಇಡೀ ಪ್ರಯಾಣ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಹೋಗಬೇಕಾದ ದಿಕ್ಕಿಗೇ ಮುಖ ಮಾಡಿ ಏರಿ, ನೇರವಾಗಿ ಇಳಿಯಲು ಸಾಧ್ಯವಾದ ದಿನ ಸಮಯ ಉಳಿಯುತ್ತದೆ. ಸುತ್ತು ಹಾಕಬೇಕಾದ ದಿನ ಬೆಳೆಯುತ್ತದೆ.

ಆರ್ಕ್ನಿಗೆ ವಿಮಾನ ಹೊಸದಲ್ಲ. 1933ರಲ್ಲಿಯೇ ಕ್ಯಾಪ್ಟನ್ ಫ್ರೆಸನ್ ಎಂಬ ಸಾಹಸಿ ಇನ್ವರ್ನೆಸ್‌ನಿಂದ ಆರ್ಕ್ನಿಯ ಮುಖ್ಯ ಪಟ್ಟಣ ಕಿರ್ಕ್‌ವಾಲ್‌ಗೆ ವಿಮಾನ ಸಂಚಾರ ಆರಂಭಿಸಿದ್ದ. ಮರುವರ್ಷವೇ ಅಂಚೆಯೂ ಅದೇ ಹಾದಿಯಲ್ಲಿ ಹಾರತೊಡಗಿತು. ಪುಟ್ಟ ದ್ವೀಪಗಳಲ್ಲಿ ಹುಲ್ಲುಗಾವಲೇ ವಿಮಾನತಾಣವಾಯಿತು. ವೆಸ್ಟ್ರೇ–ಪಾಪಾ ವೆಸ್ಟ್ರೇ ಸಂಚಾರವನ್ನು ಲೋಗನ್‌ಏರ್ ಸಂಸ್ಥೆ 1967ರಲ್ಲಿ ಆರಂಭಿಸಿತು. ಅದಕ್ಕೆ ಒದಗಿಬಂದದ್ದು, 1965ರಲ್ಲಿ ಮೊದಲು ಹಾರಿದ್ದ, ಗಿಡ್ಡ ರನ್‌ವೇಯಿಂದಲೂ ಏರಬಲ್ಲ ಐಲ್ಯಾಂಡರ್ ವಿಮಾನ. ಅದರಲ್ಲಿ ಎಂಟು ಪ್ರಯಾಣಿಕರಿಗೆ ಮಾತ್ರ ಜಾಗ.

ಇಂದು ಈ ಎರಡು ನಿಮಿಷದ ಮೋಜಿಗಾಗಿಯೇ ಬರುವ ಪ್ರವಾಸಿಗಳಿದ್ದಾರೆ. ದ್ವೀಪದವರಿಗೆ ಮಾತ್ರ ಇದು ಮೋಜಲ್ಲ. ಪಾಪಾ ವೆಸ್ಟ್ರೇಯಲ್ಲಿ ಸುಮಾರು 5,500 ವರ್ಷಗಳ ಹಿಂದೆಯೇ ಜನವಸತಿಯಿತ್ತು. ಆಗಿನ ಕಲ್ಲಿನ ಮನೆಗಳು ಈಗಲೂ ನಿಂತಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮುನ್ನೂರಕ್ಕೂ ಹೆಚ್ಚು ಜನರಿದ್ದ ದ್ವೀಪದಲ್ಲಿ 2011ರ ಜನಗಣತಿಗೆ ಸಿಕ್ಕವರು 90 ಮಂದಿ. ನಡುವೆ ಸೇತುವೆಯಿಲ್ಲ. ದೋಣಿಯುಂಟು, ಆದರೆ ಸಮುದ್ರ ಮುನಿದರೆ ಅದು ನಂಬಿಕೆಗೆ ದೂರ. ವೈದ್ಯರು ಬರಬೇಕು, ಮೇಷ್ಟರು ಬರಬೇಕು, ರೋಗಿಗಳು ಆಸ್ಪತ್ರೆಗೆ ಹೋಗಬೇಕು. ಇವೆಲ್ಲಕ್ಕೂ ಅದೇ ಪುಟ್ಟ ವಿಮಾನ ಬೇಕು.

ಲಾಭ-ನಷ್ಟದ ಲೆಕ್ಕವೊಂದನ್ನೇ ನೋಡಿದ್ದರೆ ಇಂಥ ಸಂಚಾರ ಎಂದೋ ನಿಂತುಹೋಗಬೇಕಿತ್ತು. ಊರೊಂದು ಎಷ್ಟು ದೂರ ಎಂಬುದನ್ನು ಕಿಲೋಮೀಟರು ಹೇಳುವುದಿಲ್ಲ. ಬೇಕಾದ ಹೊತ್ತಿಗೆ ಅಲ್ಲಿಗೆ ತಲುಪಲು ಆಗುತ್ತದೆಯೇ ಎಂಬುದು ಹೇಳುತ್ತದೆ.