ವರ್ಗಮೂಲದ ಗಡಿ ಮತ್ತು ದೊಡ್ಡ ಅವಿಭಾಜ್ಯ ಅಪವರ್ತನಗಳು: ಕೆ. ರಾಮಚಂದ್ರರ ಫಲಿತಾಂಶದ ವಿವೇಚನೆ

ಒಂದರಿಂದಲೂ ತನ್ನಿಂದಲೂ ಮಾತ್ರ ನಿಶ್ಶೇಷವಾಗಿ ಭಾಗವಾಗುವ, ಒಂದಕ್ಕಿಂತ ದೊಡ್ಡದಾದ ಪೂರ್ಣಾಂಕವನ್ನು ಅವಿಭಾಜ್ಯ ಸಂಖ್ಯೆ ಎನ್ನಲಾಗುತ್ತದೆ. ಇಂಥ ಸಂಖ್ಯೆಗಳಿಗೆ ಕೊನೆಯಿಲ್ಲವೆಂಬುದು ಯೂಕ್ಲಿಡನ ಕಾಲದಿಂದಲೂ ತಿಳಿದಿದ್ದರೂ, ಗೊತ್ತುಪಡಿಸಿದ ಕಿರಿದಾದ ಅಂತರದಲ್ಲಿ ಒಂದಾದರೂ ಇದ್ದೇ ಇರುತ್ತದೆಂದು ಸಾಧಿಸುವುದು ಹೆಚ್ಚು ಕಠಿಣವಾದ ಸಮಸ್ಯೆ. ಕ್ಷ ಎಂಬ ಸಂಖ್ಯೆಯ ಮುಂದೆ ಅದರ ವರ್ಗಮೂಲದಷ್ಟು ಉದ್ದದ ಅಂತರವನ್ನು ಪರಿಗಣಿಸೋಣ. ಕ್ಷ 10,000 ಆದಾಗ, 10,001ರಿಂದ 10,100ರವರೆಗೆ, 10,007 ಮತ್ತು 10,009 ಸೇರಿದಂತೆ 11 ಅವಿಭಾಜ್ಯಗಳು ದೊರೆಯುತ್ತವೆ. ಆದರೆ ಎಷ್ಟೇ ದೊಡ್ಡ ಕ್ಷಕ್ಕೂ ಇದು ಹೀಗೆಯೇ ಎಂಬುದಕ್ಕೆ ಸಾಧನೆಯಿಲ್ಲ. ರೀಮಾನ್ ಊಹೆಯನ್ನು ಒಪ್ಪಿಕೊಂಡರೂ ಅಂತರವನ್ನು ಲಘುಗಣಕದ ಪ್ರಮಾಣದಲ್ಲಿ ಹಿಗ್ಗಿಸಬೇಕಾಗುತ್ತದೆಂದು ಹರಾಲ್ಡ್ ಕ್ರಾಮೇರರ 1920ರ ಫಲಿತಾಂಶದಿಂದ ತಿಳಿಯುತ್ತದೆ. ಯಾವ ಊಹೆಯನ್ನೂ ಅವಲಂಬಿಸದೆ ಬೇಕರ್, ಹಾರ್ಮನ್ ಮತ್ತು ಪಿಂಟ್ಸ್ 2001ರಲ್ಲಿ ಅಂತರದ ಉದ್ದಕ್ಕೆ ತಲುಪಿದ ಘಾತಾಂಕ 0.525, ವರ್ಗಮೂಲದ ಘಾತಾಂಕವಾದರೋ 0.5.

ಮಂಡ್ಯದಲ್ಲಿ 1933ರಲ್ಲಿ ಜನಿಸಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಸಂಖ್ಯಾಸಿದ್ಧಾಂತದ ಸಂಶೋಧನೆ ನಡೆಸಿದ ಕೆ. ರಾಮಚಂದ್ರರು ಅಂತರವನ್ನು ಹಿಗ್ಗಿಸದೆ ಪ್ರಶ್ನೆಯನ್ನೇ ಸಡಿಲಿಸಿದರು. ಅಂತರದಲ್ಲಿನ ಸಂಖ್ಯೆಯೊಂದು ಸ್ವತಃ ಅವಿಭಾಜ್ಯವಾಗಿರಬೇಕಿಲ್ಲ, ಅದಕ್ಕೆ ದೊಡ್ಡದೊಂದು ಅವಿಭಾಜ್ಯ ಅಪವರ್ತನವಿದ್ದರೆ ಸಾಕು ಎಂದಾಗ, ಆ ಅಪವರ್ತನ ಎಷ್ಟು ದೊಡ್ಡದಿರಬಲ್ಲುದು? ಕ್ಷ ಸಾಕಷ್ಟು ದೊಡ್ಡದಾಗಿದ್ದರೆ ಅದು ಕ್ಷದ 15/26ನೆಯ ಘಾತವನ್ನು ಮೀರುತ್ತದೆಂದು ಅವರು 1969ರಲ್ಲಿ ಸಾಧಿಸಿ, ಮರುವರ್ಷ ಘಾತಾಂಕವನ್ನು 5/8ಕ್ಕೆ ಏರಿಸಿದರು. 1ರ ಮುಂದೆ 26 ಸೊನ್ನೆಗಳಿರುವ ಸಂಖ್ಯೆಯನ್ನು ಅಳತೆಗಾಗಿ ತೆಗೆದುಕೊಂಡರೆ, ಅದರ ವರ್ಗಮೂಲದಲ್ಲಿ 13 ಸೊನ್ನೆಗಳಿದ್ದು, 15/26ನೆಯ ಘಾತದಲ್ಲಿ 15 ಸೊನ್ನೆಗಳಿರುತ್ತವೆ.

ಈ ಸಾಧನೆಯ ಅಡಿಪಾಯ ಚೆಬಿಷೇವರ ಎಣಿಕೆಯ ಕ್ರಮ. ಅಂತರದಲ್ಲಿರುವ ಎಲ್ಲ ಸಂಖ್ಯೆಗಳ ಗುಣಲಬ್ಧದ ಲಘುಗಣಕವನ್ನು ಅವುಗಳ ಅವಿಭಾಜ್ಯ ಅಪವರ್ತನಗಳಿಗೆ ಹಂಚಿದಾಗ, ವರ್ಗಮೂಲವನ್ನು ಮೀರದ ಅವಿಭಾಜ್ಯಗಳ ಪಾಲಿಗೆ ಒಟ್ಟು ಮೊತ್ತದ ಸುಮಾರು ಅರ್ಧ ಮಾತ್ರ ಬರುವುದರಿಂದ, ಉಳಿದರ್ಧವನ್ನು ಅವಕ್ಕಿಂತ ದೊಡ್ಡ ಅವಿಭಾಜ್ಯಗಳೇ ತುಂಬಬೇಕು. ಆದರೆ ವರ್ಗಮೂಲಕ್ಕಿಂತ ದೊಡ್ಡದಾದ ಅವಿಭಾಜ್ಯಕ್ಕೆ ಅಂತರದೊಳಗೆ ಹೆಚ್ಚೆಂದರೆ ಒಂದು ಅಪವರ್ತ್ಯವಿರಬಹುದು, ಇಲ್ಲದೆಯೂ ಹೋಗಬಹುದು; ಆದ್ದರಿಂದ ಇಲ್ಲಿ ನೇರ ಎಣಿಕೆ ನಡೆಯದು. ರಾಮಚಂದ್ರರು ಸೆಲ್ಬರ್ಗರ ಜರಡಿ ವಿಧಾನವನ್ನೂ ಘಾತೀಯ ಮೊತ್ತಗಳನ್ನು ಅಂದಾಜಿಸುವ ವಾನ್ ಡೆರ್ ಕಾರ್ಪುಟರ ವಿಧಾನವನ್ನೂ ಜೊತೆಗೂಡಿಸಿ ಈ ಪಾಲಿಗೊಂದು ಮೇಲ್ಮಿತಿಯನ್ನು ಪಡೆದರು. ಗೊತ್ತಾದ ಘಾತದವರೆಗಿನ ಅವಿಭಾಜ್ಯಗಳೆಲ್ಲ ಸೇರಿಯೂ ಉಳಿದರ್ಧವನ್ನು ತುಂಬಲಾರವೆಂದ ಮೇಲೆ, ಆ ಘಾತವನ್ನು ಮೀರಿದ ಅಪವರ್ತನ ಇರಲೇಬೇಕಾಗುತ್ತದೆ.

ಘಾತಾಂಕವನ್ನು ಗ್ರಹಾಂ 1981ರಲ್ಲಿ ಸುಮಾರು 0.66ಕ್ಕೂ ಬೇಕರ್ 1986ರಲ್ಲಿ 0.7ಕ್ಕೂ ಏರಿಸಿದ್ದರಿಂದ, ಈ ಪ್ರಶ್ನೆ ಸ್ವತಂತ್ರ ಸಂಶೋಧನಾ ಕ್ಷೇತ್ರವಾಗಿ ಬೆಳೆಯಿತು. ಘಾತಾಂಕ 1ನ್ನು ಎಷ್ಟೇ ಸಮೀಪಿಸಿದರೂ ಅಂತರದಲ್ಲಿ ಅವಿಭಾಜ್ಯವಿದೆಯೆಂದು ಅದರಿಂದ ಸಿದ್ಧವಾಗದು, ಏಕೆಂದರೆ ದೊಡ್ಡ ಅಪವರ್ತನದ ಜೊತೆಗೆ ಚಿಕ್ಕದೊಂದು ಅಪವರ್ತನ ಉಳಿದಿರಬಹುದು. ಹಾಗಿದ್ದರೂ, ಇದೆಯೇ ಇಲ್ಲವೇ ಎಂಬ ಎರಡೇ ಉತ್ತರಗಳಿದ್ದ ಸಮಸ್ಯೆಗೆ ಹಂತಹಂತವಾಗಿ ಅಳೆಯಬಹುದಾದ ಪ್ರಗತಿಯ ಮಾನದಂಡವನ್ನು ಒದಗಿಸಿದ್ದೇ ರಾಮಚಂದ್ರರ ಫಲಿತಾಂಶದ ಮಹತ್ವ.